ಸೆರಗಿಲ್ಲದ ಉಡುಪು: ಗ್ರಾಮೀಣ ಧಾರವಾಡದಲ್ಲಿ ನೈಟಿ

ಧಾರವಾಡ ಸೀಮೆಯ ಸ್ತ್ರೀಯರ ಉಡುಪು ಎಂದೊಡನೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಸೂತಿಗಳ ಹೆಸರು ಬರುತ್ತವೆ. ಇವುಗಳ ನೇಯ್ಗೆ, ಬಣ್ಣ, ಅಂಚುಗಳ ಬಗೆಗೆ ಸಾಕಷ್ಟು ಬರವಣಿಗೆ ನಡೆದಿದೆ. ಆದರೆ ಕಲಘಟಗಿ ತಾಲೂಕಿನ ತಂಬೂರದಂತಹ ಊರುಗಳಲ್ಲಿ ಇಂದು ಮನೆಯಂಗಳದಲ್ಲಿ ಎದ್ದು ಕಾಣುವ ಉಡುಪು ನೈಟಿ. ಕ್ಷುಲ್ಲಕವೆಂದು ಸಂಶೋಧಕರು ಬದಿಗಿಟ್ಟ ಈ ಉಡುಪು ನಮ್ಮ ಗ್ರಾಮೀಣ ಸ್ತ್ರೀಯರು ಕೈಗೊಂಡ ದಿಟ್ಟ ಬದಲಾವಣೆಗಳಲ್ಲೊಂದು ಎಂಬುದು ಪ್ರಸ್ತುತ ಲೇಖನದ ನಿಲುವು.

ನೈಟಿ ಕೊರಳಿನಿಂದ ಕಣಕಾಲಿನವರೆಗೆ ಮೈಮುಚ್ಚುತ್ತದೆ. ಸೀರೆಯುಟ್ಟಾಗ ಕಾಣುವ ಸೊಂಟವೂ ಇದರಲ್ಲಿ ಕಾಣದು. ಹೀಗಿದ್ದೂ ಅದನ್ನು ನಾಚಿಕೆಗೇಡು ಎಂದವರಿದ್ದಾರೆ. ಆದ್ದರಿಂದ ಆಕ್ಷೇಪದ ಮೂಲವನ್ನು ಮೈಯಲ್ಲಲ್ಲ, ಸೆರಗಿನಲ್ಲಿ ಹುಡುಕಬೇಕು. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು ಬೇರೆಯೇ ಇದ್ದು, ಅದನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ನೇಯುತ್ತಾರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಿರುವುದುಂಟು. ಹಿರಿಯರೆದುರು ತಲೆಯ ಮೇಲೆ ಹೊದೆಯುವುದು ಸೆರಗು; ಉಡಿ ತುಂಬಿಸಿಕೊಳ್ಳುವುದು ಸೆರಗಿನಲ್ಲಿ; ಬೇಡುವಾಗ ಒಡ್ಡುವುದೂ ಸೆರಗನ್ನೇ. ಗರ್ಭಿಣಿಗೆ ಮಾಡುವ ಶುಭಕಾರ್ಯಕ್ಕೆ ‘ಕುಬಸ’ ಎಂದು ರವಿಕೆಯ ಹೆಸರೇ ಬಂದಿದೆ. ಉಡಿ, ಖಣಗಳ ಗೌರವ ಮುತ್ತೈದೆಗೆ ಮೀಸಲಾಗಿ, ವಿಧವೆಗೆ ನಿಷಿದ್ಧವಾಗಿತ್ತು. ಹೀಗೆ ನಮ್ಮಲ್ಲಿ ಉಡುಪು ಹೆಣ್ಣಿನ ಸ್ಥಾನವನ್ನು ಸಾರುವ ಭಾಷೆಯಾಗಿತ್ತು. ನೈಟಿ ಈ ಭಾಷೆಯನ್ನಾಡುವುದಿಲ್ಲ. ತೊಟ್ಟವಳು ಸೊಸೆಯೋ ಮಗಳೋ, ಮುತ್ತೈದೆಯೋ ವಿಧವೆಯೋ ಎಂಬುದನ್ನು ಅದು ಹೇಳದು. ಅದರ ದಿಟ್ಟತನವಿರುವುದು ಈ ಮೌನದಲ್ಲಿ.

ಸಂಪ್ರದಾಯವೆಂದು ನಾವು ಕರೆಯುವುದೂ ಒಂದು ಕಾಲದ ಹೊಸತೇ. ತಿರುವಾಂಕೂರಿನಲ್ಲಿ ನಾಡಾರ್ ಸ್ತ್ರೀಯರು ಎದೆ ಮುಚ್ಚಿಕೊಂಡದ್ದೇ ಉದ್ಧಟತನವೆನಿಸಿ ಗಲಭೆಗಳಾದವು. 1859ರ ರಾಜಾಜ್ಞೆಯ ನಂತರವಷ್ಟೇ ಅವರಿಗೆ ಆ ಹಕ್ಕು ದೊರೆಯಿತು, ಅದೂ ಮೇಲ್ಜಾತಿಯವರಂತೆ ಉಡಬಾರದೆಂಬ ನಿರ್ಬಂಧದೊಡನೆ. ಮುಂಬಯಿಯಲ್ಲಿ ಪಾರ್ಸಿ ಸ್ತ್ರೀಯರ ಉಡುಗೆಯನ್ನು ಕಂಡ ಜ್ಞಾನದಾನಂದಿನಿ ದೇವಿ ರವಿಕೆ, ಒಳಲಂಗಗಳೊಡನೆ ಸೀರೆಯುಡುವ ಕ್ರಮವನ್ನು 1860ರ ದಶಕದಲ್ಲಿ ಬಂಗಾಳಕ್ಕೆ ಒಯ್ದರು. ಇಂದು ಆ ಬಗೆಯ ಉಡುಗೆ ಭಾರತೀಯತೆಯ ಗುರುತೆನಿಸಿದೆ.

ಪಾಶ್ಚಾತ್ಯರ ಮಲಗುವ ಕೋಣೆಯ ಉಡುಪು ನಮ್ಮ ನಗರಗಳ ಮೂಲಕ ಹಳ್ಳಿಯ ಸಂತೆಗೆ ಬಂದಿತು. ಬೆಲೆ ಕಡಿಮೆ, ಒಗೆಯುವುದು ಸುಲಭ, ಮುಂದೆ ಜಿಪ್ ಇದ್ದರೆ ಬಾಣಂತಿಗೆ ಮೊಲೆಯೂಡಿಸಲು ಅನುಕೂಲ. ರಾತ್ರಿಯ ಉಡುಪು ಹಗಲಿನದಾಯಿತು. ಆದರೆ ಅಂಗಳ ದಾಟಿ ನೀರಿಗೋ ಕಿರಾಣಿ ಅಂಗಡಿಗೋ ಹೊರಟವಳು ಹೆಗಲ ಮೇಲೊಂದು ಟವೆಲು ಹಾಕಿಕೊಳ್ಳುತ್ತಾಳೆ. ಇದು ಬಿಟ್ಟುಬಂದ ಸೆರಗು ಬೇರೆ ರೂಪದಲ್ಲಿ ಮರಳಿದ ಬಗೆ. ಊರು ಸೆರಗನ್ನು ಕೇಳಿತು, ಆಕೆ ಟವೆಲು ಕೊಟ್ಟಳು ಎನ್ನಬಹುದು.

ಎಲ್ಲ ಕಡೆಯೂ ಇಂತಹ ರಾಜಿ ಸಾಧ್ಯವಾಗಲಿಲ್ಲ. 2014ರಲ್ಲಿ ನವಿ ಮುಂಬಯಿಯ ಗೋಠಿವಲಿಯಲ್ಲಿ ಮಹಿಳಾ ಮಂಡಳವೇ ಹಗಲಿನಲ್ಲಿ ನೈಟಿ ತೊಟ್ಟವರಿಗೆ 500 ರೂಪಾಯಿ ದಂಡ ಘೋಷಿಸಿತು. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯ ಹಿರಿಯರು 2000 ರೂಪಾಯಿ ದಂಡ ವಿಧಿಸಿ, ಸುಳಿವು ಕೊಟ್ಟವರಿಗೆ 1000 ರೂಪಾಯಿ ಬಹುಮಾನವಿಟ್ಟರು. ಕಾವಲುಗಾರರು ಗಂಡಸರು ಮಾತ್ರವಲ್ಲ ಎಂಬುದು ಇಲ್ಲಿ ಗಮನಾರ್ಹ.

ಹಾಗೆಂದು ನೈಟಿಯನ್ನು ಬಿಡುಗಡೆಯ ಬಾವುಟವೆಂದು ಹೊಗಳುವುದೂ ಅವಸರದ ತೀರ್ಮಾನವಾದೀತು. ಜಾತ್ರೆ, ಬ್ಯಾಂಕು, ತಾಲೂಕು ಕಚೇರಿಗಳಿಗೆ ಹೋಗುವಾಗ ಆಕೆ ಮತ್ತೆ ಸೀರೆಯುಡುತ್ತಾಳೆ. ನೈಟಿ ಕಸ ಮುಸುರೆಯ ಕೆಲಸವನ್ನು ಹಗುರಗೊಳಿಸಿತೇ ಹೊರತು ಆ ಕೆಲಸವನ್ನು ಗಂಡಸಿನೊಡನೆ ಹಂಚಲಿಲ್ಲ. ಆದರೂ ಯಾರ ಅಪ್ಪಣೆಗೂ ಕಾಯದೆ ಹೆಣ್ಣುಮಕ್ಕಳು ತಮ್ಮ ಅನುಕೂಲವನ್ನೇ ಕಾರಣವಾಗಿಟ್ಟುಕೊಂಡು ಆಯ್ದ ಉಡುಪಿದು. ಇಳಕಲ್ ಸೀರೆಯನ್ನು ಜತನವಾಗಿ ಕಾಪಿಡುವ ನಮ್ಮ ವಸ್ತುಸಂಗ್ರಹಾಲಯಗಳು ಅದರ ಪಕ್ಕದಲ್ಲಿ ಒಂದು ಹಳೆಯ ನೈಟಿಯನ್ನೂ, ಅದರ ಮೇಲಿನ ಟವೆಲನ್ನೂ ಇಟ್ಟರೆ ಮಾತ್ರ ಈ ನಾಡಿನ ಹೆಣ್ಣಿನ ಚರಿತ್ರೆ ಪೂರ್ಣವಾದೀತು.