ಮರಳು ಓದುವವನ ಮನೆ

ಇಸ್ರೇಲಿನಲ್ಲಿ ದ್ರೂಜ್ ಗಂಡಸರಿಗೆ 1956ರಿಂದ ಸೈನ್ಯಸೇವೆ ಕಡ್ಡಾಯ. ಬೆದುಯಿನ್ ಅರಬರಿಗೆ ಹಾಗಿಲ್ಲ, ಇಷ್ಟವಿದ್ದವರು ಸೇರಬಹುದು. ಸೇರಿದವರಲ್ಲಿ ಹಲವರ ಕೆಲಸ ಹೆಜ್ಜೆ ಹುಡುಕುವುದು. ಗಡಿಬೇಲಿಯ ಪಕ್ಕದ ಮಣ್ಣಿನ ಪಟ್ಟಿಯನ್ನು ನುಣ್ಣಗೆ ಮಾಡಿ ಬಿಟ್ಟಿರುತ್ತಾರೆ. ಹೆಜ್ಜೆಯ ಅಂಚು ಉದುರಿದೆಯೇ, ಮೇಲೆ ಇಬ್ಬನಿ ಬಿದ್ದಿದೆಯೇ, ರಾತ್ರಿಯ ಹುಳ ಅದನ್ನು ದಾಟಿ ಹೋಗಿದೆಯೇ ಎಂದು ನೋಡಿ, ಯಾರೋ ಯಾವಾಗ ಹಾದುಹೋದರು ಎಂದು ಅವನು ಹೇಳಬೇಕು. ಲಾಗ್ ಫೈಲ್ ಓದಿ ಸರ್ವರಿನಲ್ಲಿ ರಾತ್ರಿ ನಡೆದದ್ದನ್ನು ಹೇಳುವ ನನ್ನಂಥವರಿಗೆ ಈ ವಿದ್ಯೆಯ ಬೆಲೆ ಗೊತ್ತು. ಆದರೆ ನಾವು ತಪ್ಪಿದರೆ ಒಂದು ಟಿಕೆಟ್ ಮತ್ತೆ ತೆರೆದುಕೊಳ್ಳುತ್ತದೆ, ಅಷ್ಟೆ. ಪಡೆಯ ಮುಂದೆ ನಡೆಯುವ ಅವನು ತಪ್ಪಿದರೆ ಸ್ಫೋಟಕದ ಮೇಲೆ ಮೊದಲು ಬೀಳುವುದು ಅವನದೇ ಕಾಲು.

ಇಂಥ ಸೈನಿಕ ಸಮವಸ್ತ್ರ ಕಳಚಿದ ಮೇಲೆ ಏನಾಗುತ್ತಾನೆ? ಅಮಿ ಲಿವ್ನೆ ನಿರ್ದೇಶನದ 'ಶರ್ಕಿಯಾ' (2012) ಈ ಪ್ರಶ್ನೆಗೆ ತೀರ ಹತ್ತಿರದ ಚಿತ್ರ. ನಾಯಕ ಕಮೆಲ್ ಹಿಂದೆ ಸೈನ್ಯದಲ್ಲಿದ್ದವನು, ಈಗ ಬೇರ್‌ಶೆವಾ ಬಸ್ ನಿಲ್ದಾಣದಲ್ಲಿ ಕಾವಲುಗಾರ. ಊರಾಚೆ ಮರುಭೂಮಿಯಲ್ಲಿ ಅಣ್ಣ ಅತ್ತಿಗೆಯ ಜೊತೆ ಕೆಲವು ತಗಡಿನ ಗುಡಿಸಲುಗಳಲ್ಲಿ ವಾಸ. ಅವು ಅಕ್ರಮ ಎಂದು ಕೆಡವುವ ಆದೇಶ ಬರುತ್ತದೆ. ಹಗಲೆಲ್ಲ ಪರರ ಚೀಲ ತಪಾಸಣೆ ಮಾಡಿ ಊರಿನ ಸುರಕ್ಷತೆ ಕಾಯುವವನಿಗೆ ತನ್ನ ಸೂರಿನ ಭರವಸೆಯಿಲ್ಲ. ಆಗ ಅವನು ಹೂಡುವ ಉಪಾಯ ಇದು: ತಾನೇ ಒಂದು ಬಾಂಬ್ ಇಟ್ಟು, ತಾನೇ ಅದನ್ನು ಕಂಡುಹಿಡಿದು, ವೀರನೆನಿಸಿಕೊಳ್ಳುವುದು. ಮುಂದಿನದನ್ನು ಚಿತ್ರದಲ್ಲೇ ನೋಡಿ.

ಈ ತಿರುವು ಕೃತಕ ಎಂದು ದೂರಬಹುದು. ನನಗೆ ಹಾಗನಿಸಲಿಲ್ಲ. ನಿಷ್ಠೆಯ ಪುರಾವೆಯನ್ನು ಮತ್ತೆ ಮತ್ತೆ ಕೇಳುವ ವ್ಯವಸ್ಥೆಯಲ್ಲಿ ಪುರಾವೆಯನ್ನು ತಯಾರಿಸುವ ಹಂತಕ್ಕೆ ಮನುಷ್ಯ ಬರುವುದು ಸಹಜವೇ. ಲಿವ್ನೆ ಅದನ್ನು ಅಬ್ಬರವಿಲ್ಲದೆ ತೋರಿಸುತ್ತಾರೆ. ನನಗೆ ಕಂಡ ಕೊರತೆ ಬೇರೆ. ಗಡಿಯಲ್ಲಿ ಬೆದುಯಿನ್ ಸೈನಿಕ ಬೆನ್ನಟ್ಟುವ ಹೆಜ್ಜೆಗಳು ಅನೇಕ ಸಲ ಇನ್ನೊಬ್ಬ ಅರಬನವು. ಆ ಕಾರಣಕ್ಕೆ ಅವನು ತನ್ನವರಿಂದ ಕೇಳಬೇಕಾದ ಮಾತುಗಳಿಗೆ ಚಿತ್ರ ಸಾಕಷ್ಟು ಜಾಗ ಕೊಟ್ಟಿಲ್ಲ.

ಕೆಡವುವ ಆದೇಶದ ಹಿಂದೆ ಹಳೆಯ ಕಡತಗಳಿವೆ. ಒಟ್ಟೊಮನ್ನರ 1858ರ ಭೂಕಾನೂನಿನ 'ಮವಾತ್', ಎಂದರೆ ಸತ್ತ ಭೂಮಿ, ಎಂಬ ವರ್ಗ ಇಂದಿಗೂ ವಾದಕ್ಕೆ ಬರುತ್ತದೆ. 1965ರ ಯೋಜನೆ ಮತ್ತು ಕಟ್ಟಡ ಕಾನೂನು ಹತ್ತಾರು ಹಳ್ಳಿಗಳನ್ನು ನಕ್ಷೆಯಿಂದ ಹೊರಗಿಟ್ಟಿತು. ಅಲ್ ಉಕ್ಬಿ ಕುಟುಂಬದ ಭೂಹಕ್ಕಿನ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ತಳ್ಳಿಹಾಕಿತು. ಒಂದು ರಾತ್ರಿಯ ಹೆಜ್ಜೆ ಗಡಿಯಲ್ಲಿ ಸೈನ್ಯಕ್ಕೆ ಸಾಕ್ಷಿ. ಅದೇ ಮಣ್ಣಿನ ಮೇಲೆ ತಲೆಮಾರುಗಳ ಓಡಾಟ ನ್ಯಾಯಾಲಯಕ್ಕೆ ಸಾಕ್ಷಿಯಾಗಲಿಲ್ಲ, ಅಲ್ಲಿ ಕಾಗದ ಬೇಕು.

ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಕರಾರು ನವೀಕರಿಸುವ ನಾವು ನಮ್ಮನ್ನು ಕಮೆಲ್‌ಗೆ ಹೋಲಿಸಿಕೊಳ್ಳುವುದು ಸಲ್ಲದು. ನಮಗೆ ಎಲ್ಲೋ ಒಂದು ಊರಿದೆ, ಪಹಣಿಯಲ್ಲಿ ಅಜ್ಜನ ಹೆಸರಿದೆ. ಅವನು ವಲಸೆ ಬಂದವನೂ ಅಲ್ಲ. ಇದ್ದಲ್ಲೇ ಇದ್ದವನನ್ನು ಕಡತವೊಂದು ಹೊರಗಿನವನನ್ನಾಗಿ ಮಾಡುವ ಬಗೆ ತಿಳಿಯಬೇಕಾದರೆ ಈ ಚಿತ್ರ ನೋಡಿ.