ಬರ್ಟ್ ಕೂಗಲಿ, ಕರಡಿ ಬೀಳಲಿ

ಅಮೆರಿಕದ ಹಳೆಯ ಬಿಯರ್ ಕಾರ್ಟೂನ್ ಜಾಹೀರಾತುಗಳ ಲೋಕಕ್ಕೆ ಹೊಸದಾಗಿ ಬಂದವರಿಗೆ ನನ್ನ ಮೊದಲ ಸಲಹೆ: ನೋಡಬೇಡಿ, ಕಣ್ಣು ಮುಚ್ಚಿ ಕೇಳಿ.

ಸವೆದ ಫಿಲ್ಮಿನ ಕರಕರ ಸದ್ದಿನ ನಡುವೆ ಒಂದು ಗಡಸು ದನಿ ಕೇಳಿಸುತ್ತದೆ. ಬಿಯರ್ ಕೊಳ್ಳಿ ಎಂದು ಕೇಳಿಕೊಳ್ಳುವುದಿಲ್ಲ, ಹೆಚ್ಚು ಕಡಿಮೆ ಗದರಿಸುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಮೆತ್ತನೆಯ ದನಿ ಸಂಕೋಚದಿಂದ ಬಾಯಿ ಹಾಕಿ, ಆ ಗಡಸು ಮಾತಿಗೆ ತೇಪೆ ಹಚ್ಚಲು ನೋಡುತ್ತದೆ. ತೇಪೆ ಹಚ್ಚಿದಷ್ಟೂ ಹರಕು ದೊಡ್ಡದಾಗುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ.

ಗಡಸು ದನಿಯವನು ಬರ್ಟ್, ಮೆತ್ತಗಿನವನು ಹ್ಯಾರಿ. 1955ರ ಕೊನೆಯಲ್ಲಿ ನ್ಯೂಯಾರ್ಕಿನ ಟಿವಿಗೆ ಬಂದ ಈ ಗೆರೆಚಿತ್ರದ ಸಹೋದರರು ಬ್ರೂಕ್ಲಿನ್‌ನ ಪೀಲ್ಸ್ ಬಿಯರ್ ಕಂಪನಿಯ ಧಣಿಗಳು, ಜಾಹೀರಾತಿನ ಮಟ್ಟಿಗೆ. 1883ರಲ್ಲಿ ಆ ಕಂಪನಿ ಕಟ್ಟಿದ ಪೀಲ್ ಸಹೋದರರು ಬೇರೆಯೇ ಇದ್ದರು. ಬರ್ಟ್, ಹ್ಯಾರಿ ಎಂಬ ಹೆಸರು ಅವರಲ್ಲಿ ಯಾರಿಗೂ ಇರಲಿಲ್ಲ. ಯಂಗ್ ಅಂಡ್ ರುಬಿಕಾಮ್ ಎಂಬ ಜಾಹೀರಾತು ಸಂಸ್ಥೆಯಲ್ಲಿದ್ದ ಎಡ್ ಗ್ರಹಾಂ ಇವರನ್ನು ಹುಟ್ಟಿಸಿದರು. ಬರ್ಟ್‌ಗೆ ರೇ ಗೌಲ್ಡಿಂಗ್, ಹ್ಯಾರಿಗೆ ಬಾಬ್ ಎಲಿಯಟ್ ದನಿ ಕೊಟ್ಟರು. ಇವರಿಬ್ಬರೂ ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಬಾಸ್ಟನ್ನಿನ ರೇಡಿಯೊದಲ್ಲಿ ಜೊತೆಯಾದ ಹಾಸ್ಯಗಾರರು. ಗಂಭೀರ ಮುಖ ಮಾಡಿಕೊಂಡು ಹುಚ್ಚು ಮಾತಾಡುವುದೇ ಅವರ ಕಸುಬು. ಮೊದಲು ಕಿವಿ ಕೊಡಿ ಎಂದಿದ್ದು ಇದಕ್ಕೇ. ಟಿವಿ ಬಂದ ಹೊಸತರಲ್ಲಿ ಬಹಳಷ್ಟು ಹಾಸ್ಯ ರೇಡಿಯೊದ ಮನೆಯಿಂದಲೇ ವಲಸೆ ಬರುತ್ತಿತ್ತು. ಇಲ್ಲಿ ಚಿತ್ರ ಆ ದನಿಗಳ ಹಿಂದೆ ಹಿಂದೆ ನಡೆದು ಬಂದಿದೆ.

ತಾಳಮದ್ದಳೆ ಕೇಳಿ ರೂಢಿಯಿದ್ದವರಿಗೆ ಇದು ಬೇಗ ಒಗ್ಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯದಲ್ಲಿ ಕೂತ ಇಬ್ಬರು ಅರ್ಥಧಾರಿಗಳು ಮಾತಿನಲ್ಲೇ ಯುದ್ಧ ಹೂಡುತ್ತಾರೆ. ಒಬ್ಬ ಏರಿದರೆ ಇನ್ನೊಬ್ಬ ಇಳಿಯುತ್ತಾನೆ, ಆ ಏರಿಳಿತದಲ್ಲಿ ನಾವು ತೂಗುತ್ತೇವೆ. ಬರ್ಟ್ ಮತ್ತು ಹ್ಯಾರಿಯ ಆಟವೂ ಅದೇ. ಬರ್ಟ್‌ನ ಮಾತು ಮುಗಿಯುವ ಮೊದಲೇ ಹ್ಯಾರಿ ಒಳಗೊಳಗೇ ಉಸಿರೆಳೆದುಕೊಳ್ಳುವುದನ್ನು ಗಮನಿಸಿ. ನನಗೆ ನಗು ಬರುವುದು ಅಲ್ಲಿ.

ಈಗ ಕಣ್ಣು ಬಿಟ್ಟು ನೋಡಿ. ಏನೇನು ಅಲುಗಾಡುತ್ತಿಲ್ಲ ಎಂದು ಲೆಕ್ಕ ಹಾಕಿ. ಹಿನ್ನೆಲೆ ಎಂದರೆ ಬೂದು ಬಣ್ಣದ ಒಂದು ಪಟ್ಟಿ. ಮೈ ಸ್ಥಿರ, ಬಾಯಿ ಆಡುತ್ತದೆ, ಒಂದು ಕೈ ಮೇಲೇಳುತ್ತದೆ, ಅಷ್ಟೆ. ಈ ಚಿತ್ರಗಳನ್ನು ಬರೆದು ಕೊಟ್ಟವರು ಯುಪಿಎ ಸ್ಟುಡಿಯೊದವರು. 1941ರಲ್ಲಿ ಡಿಸ್ನಿ ಸ್ಟುಡಿಯೊದಲ್ಲಿ ಮುಷ್ಕರ ನಡೆದ ಮೇಲೆ ಅಲ್ಲಿಂದ ಹೊರಬಂದ ಕಲಾವಿದರು ಸೇರಿ ಬೆಳೆಸಿದ ಜಾಗವದು. ಮಿಸ್ಟರ್ ಮಗೂ ಎಂಬ ಮಂದಗಣ್ಣಿನ ಮುದುಕನೂ ಅಲ್ಲಿಯವನೇ. ಡಿಸ್ನಿಯವರು ಒಂದೊಂದು ಕೂದಲನ್ನೂ ಗಾಳಿಗೆ ಹಾರಿಸುತ್ತಿದ್ದರೆ ಇವರು ಗೆರೆಯನ್ನು ಗೆರೆಯಾಗಿಯೇ ಬಿಟ್ಟರು. ಖರ್ಚು ಉಳಿಯಿತು, ನಿಜ. ಅಂದಿನ ಪುಟ್ಟ, ಮಸುಕು, ಕಪ್ಪುಬಿಳುಪು ಟಿವಿಯಲ್ಲಿ ನಾಲ್ಕು ದಪ್ಪ ಗೆರೆಯ ಮುಖ ಎದ್ದು ಕಾಣುತ್ತಿತ್ತು ಎಂಬುದೂ ಅಷ್ಟೇ ನಿಜ. ಚಿತ್ರ ಸುಮ್ಮನಿದ್ದಷ್ಟೂ ಮಾತಿಗೆ ಜಾಗ ಸಿಗುತ್ತದೆ.

ಇಷ್ಟಾದ ಮೇಲೆ ಬಿಯರ್ ಎಲ್ಲಿದೆ ಎಂದು ಹುಡುಕಿ. ಸೀಸೆ ಬರುತ್ತದೆ, ಗ್ಲಾಸು ತುಂಬುತ್ತದೆ, ನೊರೆ ಉಕ್ಕುತ್ತದೆ. ಆದರೆ ಯಾರೂ ಒಂದು ಗುಟುಕೂ ಕುಡಿಯುವುದಿಲ್ಲ. ಪರದೆಯ ಮೇಲೆ ಕುಡಿಯುವುದನ್ನು ತೋರಿಸಬಾರದು ಎಂಬ ಕಟ್ಟುಪಾಡನ್ನು ಅಮೆರಿಕದ ಟಿವಿಯವರು ತಮಗೆ ತಾವೇ ಹಾಕಿಕೊಂಡಿದ್ದರು. ಕುಡಿದು ಚಪ್ಪರಿಸುವ ಸುಖವನ್ನೇ ತೋರಿಸಲಾಗದಿದ್ದರೆ ಮಾರುವುದು ಹೇಗೆ? ಜಾಣರು ಮಾರುವವನನ್ನೇ ನಗೆಪಾಟಲು ಮಾಡಿದರು. ಬರ್ಟ್ ಎಂಬುವನು ಹೊಗಳಿ ಹೊಗಳಿ ಗಿರಾಕಿಯ ತಲೆ ತಿನ್ನುವ ಎಲ್ಲ ಜಾಹೀರಾತುದಾರರ ಪ್ರತಿರೂಪ. ಅವನನ್ನು ಕಂಡು ನಗುವಾಗ ನೋಡುಗ ತಾನು ಮೋಸ ಹೋಗದ ಜಾಣ ಎಂದುಕೊಳ್ಳುತ್ತಾನೆ, ಅಷ್ಟರಲ್ಲಿ ಹೆಸರು ನೆನಪಿನಲ್ಲಿ ಕೂತಿರುತ್ತದೆ. ಇಂದು ಅಲ್ಲಿನ ಹಳೆ ತಲೆಗಳು ಬರ್ಟ್‌ನನ್ನು ನೆನೆದು ಕಣ್ಣರಳಿಸುವಾಗ ಅವರು ನೆನೆಯುವುದು ಬಿಯರನ್ನಲ್ಲ. ಜಾಹೀರಾತೊಂದು ತಮಗೆ ಕಣ್ಣು ಹೊಡೆದ ಆ ಗಳಿಗೆಯನ್ನು.

ಬಿಯರಿನ ಕತೆ ಬೇರೆಯೇ ಆಯಿತು. ಜಾಹೀರಾತು ನೋಡಿದವರು ಅಂಗಡಿಗೆ ಹೋದರು, ಕುಡಿದರು, ಎರಡನೇ ಸಲ ಹೋಗಲಿಲ್ಲ ಎಂದು ಜಾಹೀರಾತು ವೃತ್ತಿಯವರು ಇವತ್ತಿಗೂ ಹೇಳುತ್ತಾರೆ. 1960ರಲ್ಲಿ ಅಣ್ಣತಮ್ಮಂದಿರನ್ನು ತೆರೆಯಿಂದ ಇಳಿಸಿದರು.

ಇನ್ನೊಂದು ಘರಾನೆಯೂ ಇದೆ, ಅದಕ್ಕೆ ಕಿವಿ ಮುಚ್ಚಿದರೂ ನಡೆಯುತ್ತದೆ. ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರದ ಹ್ಯಾಮ್ಸ್ ಬಿಯರಿನ ಕರಡಿ. ಕಪ್ಪುಬಿಳುಪು ಮೈ, ಪೆದ್ದು ನಗು, ಮಾತೇ ಇಲ್ಲ. 1950ರ ದಶಕದ ಮೊದಲ ಭಾಗದಲ್ಲಿ ಕೆರೆ ದಂಡೆಗೆ ಬಂದ ಈ ಕರಡಿಗೆ ಕುಣಿಯುವ ಆಸೆ. ನೀರಲ್ಲಿ ಉರುಳುವ ದಿಮ್ಮಿಯ ಮೇಲೆ ಹತ್ತುತ್ತದೆ, ಎರಡು ಹೆಜ್ಜೆ ಹಾಕುತ್ತದೆ, ದುಡುಮ್ಮನೆ ಬೀಳುತ್ತದೆ. ಬೀಳುತ್ತದೆ ಎಂದು ನಮಗೆ ಮೊದಲೇ ಗೊತ್ತು. ಯಾವ ಪೆಟ್ಟಿಗೆ ಬೀಳುತ್ತದೆ ಎಂಬುದೇ ಕುತೂಹಲ, ಚೆಂಡೆಯ ಮುಕ್ತಾಯಕ್ಕೆ ಕಾಯುವ ಹಾಗೆ. ಇದನ್ನು ಮಾಡಿದ ಲಾಸ್ ಏಂಜಲೀಸಿನ ಹೊವರ್ಡ್ ಸ್ವಿಫ್ಟ್ ಹಿಂದೆ ಡಿಸ್ನಿಯವರ ‘ಡಂಬೊ’ ಚಿತ್ರದಲ್ಲಿ ಆನೆಮರಿಗೆ ಅಮಲೇರಿದಾಗ ಕಾಣುವ ಗುಲಾಬಿ ಆನೆಗಳಿಗೆ ಚಲನೆ ಕೊಟ್ಟವರಲ್ಲಿ ಒಬ್ಬರು. ಅಮಲಿನಿಂದ ಬಿಯರಿಗೆ ದೂರವೇನೂ ಇಲ್ಲ, ಬಿಡಿ.

ಕಿವಿ ಮುಚ್ಚಿದರೂ ನಡೆಯುತ್ತದೆ ಎಂದೆ. ತೆರೆದರೆ ಡೋಲಿನ ಬಡಿತ ಕೇಳಿಸುತ್ತದೆ. ಅದು ಅಲ್ಲಿನ ಮೂಲನಿವಾಸಿಗಳದ್ದೆಂದು ತೋರುವಂತೆ ಕಟ್ಟಿದ ತಾಳ. ಮಿನ್ನೆಸೋಟ ಎಂಬ ಹೆಸರೇ ಡಕೋಟ ಭಾಷೆಯದು, ಆಕಾಶದ ಬಣ್ಣ ಬಿದ್ದ ನೀರು ಎಂಬಂಥ ಅರ್ಥದ್ದು. ನೀರಿನ ಚೆಲುವನ್ನೂ ಡೋಲಿನ ಲಯವನ್ನೂ ಬಿಯರಿಗೆ ತೆಗೆದುಕೊಂಡವರು ಆ ಜನರನ್ನು ಮಾತ್ರ ಚಿತ್ರದ ಅಲಂಕಾರ ಮಾಡಿ ಬಿಟ್ಟರು. ಕರಡಿಯನ್ನು ಕಂಡು ಮಕ್ಕಳು ಕುಣಿಯುತ್ತಿದ್ದರೆಂಬುದೂ ಹೆಂಡದ ಜಾಹೀರಾತಿಗೆ ಒಪ್ಪುವ ಹೊಗಳಿಕೆಯಲ್ಲ. ನಕ್ಕ ಮೇಲೆ ಇವೆರಡೂ ನನ್ನನ್ನು ಚುಚ್ಚುತ್ತವೆ. ಆದರೂ ಮತ್ತೆ ನೋಡುತ್ತೇನೆ.

ರುಚಿ ಹತ್ತಿದವರು ನ್ಯೂ ಆರ್ಲಿಯನ್ಸಿನ ಜಾಕ್ಸ್ ಬಿಯರಿನ ಜಾಹೀರಾತುಗಳನ್ನು ಹುಡುಕಿ; ಹಾಸ್ಯ ಜೋಡಿ ಮೈಕ್ ನಿಕೊಲ್ಸ್ ಮತ್ತು ಎಲೇನ್ ಮೇ ದನಿಯ ಆ ತುಣುಕುಗಳು ಬರ್ಟ್‌ಗಿಂತ ನಯ. ಯೂಟಿಕಾ ಕ್ಲಬ್ ಎಂಬ ಬಿಯರಿನ ಮಾತಾಡುವ ಮಗ್ಗುಗಳು ಗೊಂಬೆಯಾಟದ ಜಾತಿ, ನಮ್ಮ ಪಂಕ್ತಿಗೆ ಸೇರುವುದಿಲ್ಲ.

ನಮಗೆ ಇಂಥ ನೆನಪೇ ಇಲ್ಲವೇ ಎಂದು ಕೇಳುವವರಿಗೆ ಒಂದು ಮಾತು. ಬಿಯರಿನದಿಲ್ಲ. ಆದರೆ ಬರ್ಟ್ ಹುಟ್ಟುವ ಒಂದು ವರ್ಷ ಮೊದಲು, 1954ರಲ್ಲಿ, ಮೈಸೂರಿನ ಆರ್.ಕೆ. ಲಕ್ಷ್ಮಣ್ ಏಷಿಯನ್ ಪೇಂಟ್ಸ್‌ಗೆ ಗಟ್ಟು ಎಂಬ ಪೋಕರಿ ಹುಡುಗನನ್ನು ಬರೆದುಕೊಟ್ಟರು. ಕೈಯಲ್ಲಿ ಬಣ್ಣದ ಡಬ್ಬಿ, ಬ್ರಷ್ಷು, ಹಣೆಯ ಮೇಲೆ ಕೂದಲು. ಅವನಿಗೂ ಮಾಲಿಗಿಂತ ತುಂಟತನವೇ ಮುಖ್ಯವಾಗಿತ್ತು.

ಕೊನೆಯದಾಗಿ, ಬರ್ಟ್‌ನ ತುಣುಕು ಮುಗಿದ ಕೂಡಲೇ ನಿಲ್ಲಿಸಬೇಡಿ. ಹಳೆಯ ಜಾಹೀರಾತುಗಳನ್ನು ಜೋಡಿಸಿಟ್ಟ ರೀಲುಗಳಲ್ಲಿ ಸಾಮಾನ್ಯವಾಗಿ ಅದರ ಬೆನ್ನಿಗೇ ಇನ್ನೊಂದು ಇರುತ್ತದೆ: ಇಸ್ತ್ರಿ ಮಾಡಿದ ಸೂಟಿನ ಒಬ್ಬ ಸಭ್ಯ, ಮಾಲನ್ನು ಕೆನ್ನೆಯ ಪಕ್ಕ ಹಿಡಿದು, ರೆಪ್ಪೆ ಮಿಟುಕಿಸದೆ ನಗುತ್ತಾ ಗುಣಗಾನ ಮಾಡುತ್ತಾನೆ. ಅದನ್ನೂ ಪೂರ್ತಿ ನೋಡಿ. ಅವನ ಪಕ್ಕದಲ್ಲಿ ಹ್ಯಾರಿ ನಿಂತಿದ್ದಾನೆ ಎಂದು ಊಹಿಸಿಕೊಳ್ಳಿ.