ಬೆರಳ ನಾಡಿಯ ರೇಖೆಯೂ ರಕ್ತನಾಳದ ಹಿಗ್ಗುವಿಕೆಯೂ

ಬೆರಳಿಗೆ ಬೆಳಕು ಬೀರಿ ನಾಡಿಯ ರೇಖೆಯನ್ನು ಪಡೆಯುವ ಕ್ರಮವನ್ನು ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಹರ್ಟ್ಸ್‌ಮನ್ ಅವರು 1937-38ರ ಸುಮಾರಿನಲ್ಲಿ ಬೆಳೆಸಿದರು. ಈ ರೇಖೆ ತೋರುವುದು ರಕ್ತದ ಒತ್ತಡವನ್ನಲ್ಲ, ವೇಗವನ್ನೂ ಅಲ್ಲ; ಬೆರಳಿನೊಳಗಣ ರಕ್ತದ ಪ್ರಮಾಣ ಮಿಡಿತಮಿಡಿತಕ್ಕೆ ಏರಿಳಿಯುವುದನ್ನು. ಇದನ್ನು ಮರೆತು ರೇಖೆಯಿಂದ ಅತಿಯಾದುದನ್ನು ಹೇಳಿಸುವ ಪರಿಪಾಠವೇ ನಮ್ಮ ಆಕ್ಷೇಪಣೆಗೆ ವಿಷಯ.

ತಣ್ಣಗಿದ್ದ ಕೈಯನ್ನು ಬೆಚ್ಚಗೆ ಮಾಡಿದರೆ ಚರ್ಮದ ನಾಳಗಳು ಹಿಗ್ಗಿ ಅಲೆ ಎತ್ತರವಾಗುತ್ತದೆ. ಹೃದಯ ಹೆಚ್ಚು ಬಲದಿಂದ ಬಡಿಯಿತೆಂದು ಇದರಿಂದ ಊಹಿಸುವುದು ತಪ್ಪು. ಅನೇಕ ಉಪಕರಣಗಳಂತೂ ಅಲೆಯ ಎತ್ತರವನ್ನು ತಾವಾಗಿಯೇ ಪರದೆಗೆ ಸರಿಹೊಂದಿಸಿ ಈ ಬದಲಾವಣೆಯನ್ನೇ ಮರೆಮಾಡುತ್ತವೆ. (ವಿದ್ಯಾರ್ಥಿಗಳು ಇದನ್ನು ಉಪಕರಣದ ಗುಣವೆಂದೇ ಬಗೆಯುವುದುಂಟು!)

ಈ ತೊಡಕಿಗೆ ಪರಿಹಾರವೆಂದು ವಿದ್ವಾಂಸರು ಎತ್ತರಗಳ ನಿಷ್ಪತ್ತಿಯನ್ನು ಹಿಡಿದರು. ತರುಣನ ರೇಖೆಯಲ್ಲಿ ಮೊದಲು ಒಂದು ಶಿಖರ, ಇಳಿಜಾರಿನಲ್ಲಿ ಒಂದು ತಗ್ಗು, ಬಳಿಕ ಇನ್ನೊಂದು ಕಿರುಶಿಖರ. ಈ ಕಿರುಶಿಖರವು ಮುಖ್ಯವಾಗಿ ದೇಹದ ಕೆಳಭಾಗದಿಂದ ಪ್ರತಿಫಲಿಸಿ ಮರಳಿದ ಅಲೆಯೆಂಬುದು ರೂಢಿಯ ವ್ಯಾಖ್ಯಾನ. ಅದರ ಎತ್ತರವನ್ನು ಮೊದಲ ಶಿಖರದ ಎತ್ತರದಿಂದ ಭಾಗಿಸಿದರೆ ಪ್ರತಿಫಲನ ಸೂಚ್ಯಂಕ. ಇದು ಹೆಚ್ಚಿದರೆ ಧಮನಿ ಗಡುಸಾಯಿತೆಂದು ಹೇಳುವವರುಂಟು.

ಆದರೆ ನೈಟ್ರೋಗ್ಲಿಸರಿನ್ ಗುಳಿಗೆಯನ್ನು ನಾಲಗೆಯ ಕೆಳಗಿಟ್ಟು ನೋಡಿದರೆ, ಕೆಲವೇ ನಿಮಿಷಗಳಲ್ಲಿ ತಗ್ಗು ಕೆಳಗಿಳಿಯುತ್ತದೆ, ಕಿರುಶಿಖರ ಕುಗ್ಗುತ್ತದೆ. ಅಷ್ಟರೊಳಗೆ ಧಮನಿಯ ಭಿತ್ತಿ ತಾರುಣ್ಯ ಪಡೆಯಿತೇ? ಇಲ್ಲ. ನಾಳದ ಸ್ನಾಯು ಸಡಿಲಗೊಂಡು ಪ್ರತಿಫಲನ ತಗ್ಗಿತು, ಅಷ್ಟೆ. ನಿಷ್ಪತ್ತಿಯು ಉಪಕರಣದ ಹೊಂದಾಣಿಕೆಯನ್ನು ಕಳೆಯಬಲ್ಲದು. ಭಿತ್ತಿಯ ಗಡಸುತನವನ್ನು ಸ್ನಾಯುವಿನ ಬಿಗಿತದಿಂದ ಬೇರ್ಪಡಿಸಲಾರದು. ಒಂದೇ ರೇಖೆಯನ್ನು ನೋಡಿ ‘ನಾಳದ ವಯಸ್ಸು’ ಹೇಳುವವರಿಗೆ ಈ ಮಾತು ರುಚಿಸದು.

1999ರಲ್ಲಿ ಚೊವಿಯೆಂಚಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ನಾವು ಮೆಚ್ಚುವುದು ಈ ಕಾರಣದಿಂದಲೇ. ಅವರಿಗೆ ಹಿಗ್ಗುವಿಕೆ ದೋಷವಲ್ಲ, ಪ್ರಶ್ನೆ. ಸಾಲ್ಬ್ಯುಟಮಾಲ್ ನಾಳದ ಒಳಪೊರೆಯ ನೆರವಿನಿಂದಲೂ ನೈಟ್ರೋಗ್ಲಿಸರಿನ್ ಅದರ ಹಂಗಿಲ್ಲದೆಯೂ ನಾಳವನ್ನು ಹಿಗ್ಗಿಸುತ್ತವೆ. ಎರಡನೆಯ ಬಗೆಯ ಮಧುಮೇಹಿಗಳಲ್ಲಿ ಸಾಲ್ಬ್ಯುಟಮಾಲಿನ ಪರಿಣಾಮ ಮಂದವಾಗಿತ್ತು. ಅದೇ ಬೆರಳು, ಅದೇ ಉಪಕರಣ, ಔಷಧದ ಮೊದಲು ಮತ್ತು ಅನಂತರ: ತೀರ್ಮಾನವು ನಿಂತಿರುವುದು ಈ ಅಂತರದ ಮೇಲೆ. ಪ್ರಯೋಗಶಾಲೆಗಳಲ್ಲಿ ಈ ಸೂಚ್ಯಂಕವನ್ನು ಒಮ್ಮೆ ಮಾತ್ರ ಅಳೆದು, ಕೊಠಡಿಯ ಉಷ್ಣತೆಯನ್ನೂ ವ್ಯಕ್ತಿ ಸೇವಿಸಿದ ಔಷಧವನ್ನೂ ಬರೆಯದೆ ಬಿಟ್ಟಲ್ಲಿ, ಆ ಪ್ರಯೋಗವನ್ನು ಆಧಾರವಾಗಿ ಹೇಳುವ ಅಧಿಕಾರವಿಲ್ಲ.